ಎಲ್ಲೆಕಲ್ಲಿನಾಚೆ ಹೋದ ಗಿಟಾರು

ಈ ವರ್ಷ ಇದುವರೆಗೆ ನನ್ನ ಕೈಯಿಂದ ಹದಿನಾಲ್ಕು ಗಾಜಿನ ಲೋಟ, ಮೂರು ಪಿಂಗಾಣಿ ಬಸಿ, ಒಂದು ಉಪ್ಪಿನಕಾಯಿ ಭರಣಿ ಹೋಗಿವೆ. ಈಚೆಗೆ ಸೊಸೆ ಶೈಲಾ ನನಗೆ ಸ್ಟೀಲಿನ ಲೋಟದಲ್ಲೇ ಕಾಫಿ ಕೊಡುತ್ತಾಳೆ. "ಅತ್ತೆ, ಕುಡಿದಾದ್ಮೇಲೆ ಲೋಟಾನ ಕೆಳಗೆ ಇಡ್ಬೇಕು, ಹಂಗೇ ಕೈ ಬಿಟ್ಟುಬಿಡಬಾರ್ದು" ಎಂದು ನಗುತ್ತಲೇ ಹೇಳುತ್ತಾಳೆ. ಪಾಪ, ಅವಳದೇನೂ ತಪ್ಪಿಲ್ಲ. ಮದುವೆಯಾಗಿ ನಲವತ್ತೆರಡು ವರ್ಷವಾದರೂ ನನ್ನ ಕೈಗೆ ಬುದ್ಧಿ ಬಂದಿಲ್ಲ. ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರಲ್ಲ, ಹಾಗೆ. ನಾನು ಹುಟ್ಟಿ ಬೆಳೆದ ಊರಿನಲ್ಲಿ ಬಿದ್ದದ್ದು ಒಡೆಯುತ್ತಿರಲಿಲ್ಲ.

ಮಣ್ಣಿನ ಮಡಕೆ ಅಟ್ಟದಿಂದ ಬಿದ್ದರೆ ಉರುಳಿಕೊಂಡು ಹೋಗಿ ಮೂಲೆ ಸೇರುತ್ತಿತ್ತು, ಅಷ್ಟೆ. ಗಂಡ ಹೆಂಡಿರ ಜಗಳದಲ್ಲಿ ಗಾಜಿನ ಸೀಸೆಗಳು ಹಾರಾಡುತ್ತಿದ್ದವು. ಜಗಳ ಮುಗಿದ ಮೇಲೆ ಇಬ್ಬರೂ ಸೇರಿ ಹೆಕ್ಕಿ ಮತ್ತೆ ಗೂಡಿನಲ್ಲಿ ಜೋಡಿಸುತ್ತಿದ್ದರು. ಮಕ್ಕಳು ಮಾಡಿನಿಂದ ಅಂಗಳಕ್ಕೆ ಹಾರಿ ಎದ್ದು ಓಡುತ್ತಿದ್ದವು. ನಮ್ಮೂರ ವೈದ್ಯರಿಗೆ ಜ್ವರ, ಕೆಮ್ಮು, ಅಜೀರ್ಣ ಬಿಟ್ಟರೆ ಬೇರೆ ಕಾಯಿಲೆ ಗೊತ್ತಿರಲಿಲ್ಲ. ಗರಗಸದಿಂದ ಕೊಯ್ಯಬಹುದಿತ್ತು, ಕುಡುಗೋಲಿನಿಂದ ಕತ್ತರಿಸಬಹುದಿತ್ತು. ಬೀಳಿಸಿ, ಬಡಿದು ಒಡೆಯುವುದು ಮಾತ್ರ ಆಗುತ್ತಿರಲಿಲ್ಲ. ಬೇರೆ ಊರುಗಳಲ್ಲಿ ಚಿನ್ನ ಬರುವ ಹಾಗೆ ನಮ್ಮಲ್ಲಿ ಗಾಜಿನ ಬಳೆಗಳು ತಾಯಿಯಿಂದ ಮಗಳಿಗೆ ಬರುತ್ತಿದ್ದವು. ಗಂಡ ಸತ್ತವಳ ಬಳೆ ಒಡೆಯಲು ಹಿರಿಯರು ಯಾವ ಕಾಲದಲ್ಲೋ ಒಮ್ಮೆ ಹೊರಟು, ಕಲ್ಲಿಗೆ ಬಡಿದೂ ಬಡಿದೂ ಸುಸ್ತಾಗಿ, ಆ ಪದ್ಧತಿಯನ್ನೇ ಕೈಬಿಟ್ಟಿದ್ದರಂತೆ. ಆ ಹೆಂಗಸಿಗೆ ನಾನು ಮನಸ್ಸಿನಲ್ಲೇ ಎಷ್ಟೋ ಸಲ ಕೈ ಮುಗಿದಿದ್ದೇನೆ.

ಪೇಚಾಟ ಇದ್ದದ್ದು ತೆಂಗಿನಕಾಯಿಯದು. ದೇವರಿಗೂ ಕಾಯಿ ಬೇಕು, ಚಟ್ನಿಗೂ ಬೇಕು. ಊರೊಳಗೆ ಅದನ್ನು ಎಷ್ಟು ಬಡಿದರೂ ಠಣ್ ಎಂದು ಹಾರಿ ಬಡಿದವನ ಮೂಗಿಗೇ ಬರುತ್ತಿತ್ತು. ಗರಗಸದಲ್ಲಿ ಕೊಯ್ಯೋಣವೆಂದರೆ ಪೂಜಾರಪ್ಪ ಒಪ್ಪಲಿಲ್ಲ. ಹಾಗಾಗಿ ಊರಿನ ಎಲ್ಲೆಕಲ್ಲು ದಾಟಿ ಹತ್ತು ಹೆಜ್ಜೆಗೆ ಒಂದು ಕಲ್ಲಿನ ಜಗುಲಿ ಕಟ್ಟಿದ್ದರು. ಅದಕ್ಕೆ ಕಾಯಿಕಟ್ಟೆ ಎಂದು ಹೆಸರು. ಬೆಳಿಗ್ಗೆ ಎದ್ದರೆ ಊರ ಹೆಂಗಸರೆಲ್ಲ ಅಲ್ಲಿ ಸಾಲು ನಿಲ್ಲಬೇಕು. ಕೆಂಚಜ್ಜಿ ಎನ್ನುವ ಮುದುಕಿ ಕೂತು ಮಚ್ಚಿನ ಬೆನ್ನಿನಿಂದ ಒಂದೊಂದೇ ಏಟಿಗೆ ಕಾಯಿ ಒಡೆದು ಕೊಡುತ್ತಿದ್ದಳು. ಊರಿನ ಸುದ್ದಿಯೆಲ್ಲ ಅಲ್ಲೇ ಹುಟ್ಟುತ್ತಿತ್ತು, ಅಲ್ಲೇ ಬಾಲ ಬೆಳೆಸಿಕೊಳ್ಳುತ್ತಿತ್ತು. ನಾವು ಹೋಳುಗಳನ್ನು ಸೆರಗಿನಲ್ಲಿ ಹಾಕಿಕೊಂಡು ಎಲ್ಲೆಕಲ್ಲು ದಾಟಿ ಮನೆಗೆ ಬರುತ್ತಿದ್ದೆವು. ಆ ಬೆಳಗಿನ ಎಳೆಬಿಸಿಲು, ಕಾಯಿನೀರಿಗೆ ಒಡ್ಡಿದ ಬೊಗಸೆ, ಎಲ್ಲ ನೆನೆದರೆ ಈಗಲೂ ಬಾಯಿ ಸಿಹಿಯಾಗುತ್ತದೆ.

ನಮ್ಮಪ್ಪ ಕಾಳಾಚಾರ್ ಮರಗೆಲಸದವನು. ಮೊದಲು ವೀಣೆ, ತಂಬೂರಿ ಮಾಡುತ್ತಿದ್ದ. ಯಾರೋ ದಾರಿಹೋಕ ಮಳೆಗೆ ನಮ್ಮ ಜಗುಲಿಯಲ್ಲಿ ತಂಗಿದವನು ಹೆಗಲ ಮೇಲಿದ್ದ ಗಿಟಾರು ನುಡಿಸಿದ. ಅವನು ಮಲಗಿ ಏಳುವಷ್ಟರಲ್ಲಿ ಅಪ್ಪ ಅದರ ಅಳತೆಯನ್ನೆಲ್ಲ ದಾರದಲ್ಲಿ ಗಂಟು ಹಾಕಿ ಇಟ್ಟುಕೊಂಡಿದ್ದ. ಅಲ್ಲಿಂದ ಮುಂದೆ ನಮ್ಮ ಮನೆಯಲ್ಲಿ ಗಿಟಾರುಗಳೇ ಹುಟ್ಟಿದವು. ಅವ್ವ ನಾನು ಚಿಕ್ಕವಳಿದ್ದಾಗಲೇ ಜ್ವರದಲ್ಲಿ ತೀರಿಹೋಗಿದ್ದಳು. ಮನೆಯಲ್ಲಿ ನಾವಿಬ್ಬರೇ. ಮರದ ಕೆಲಸ ಅಪ್ಪನದು, ತಂತಿ ಕಟ್ಟಿ ಶ್ರುತಿ ಕೂಡಿಸುವುದು ನನ್ನದು. ನನ್ನ ಕಿವಿ ಚುರುಕು ಎಂದು ಅಪ್ಪ ಕಂಡವರ ಮುಂದೆಲ್ಲ ಹೇಳಿ ಹೇಳಿ ನನ್ನನ್ನು ಅಟ್ಟಕ್ಕೇರಿಸಿದ್ದ. ಶ್ರುತಿ ಕೂಡಿಸದ ವಾದ್ಯವನ್ನು ಕಳಿಸುವುದೆಂದರೆ ಕಣ್ಣು ಬಿಡದ ಮಗುವನ್ನು ಕಳಿಸಿದಂತೆ ಎಂದು ನಾನೇ ಒಂದು ಗಾದೆ ಕಟ್ಟಿಕೊಂಡಿದ್ದೆ.

ಒಂದು ದಿನ ದೂರದ ಪಟ್ಟಣದಿಂದ ದಾನಿಯೇಲ್ ಮಾಸ್ತರರು ಎಂಬುವರು ಬಂದರು. ಸಂಗೀತ ಶಾಲೆ ನಡೆಸುವವರು. ಅಪ್ಪನ ಗಿಟಾರನ್ನು ಎರಡು ಸಲ ಮೀಟಿ ಕಣ್ಣು ಮುಚ್ಚಿಕೊಂಡರು. ಅದನ್ನು ಬಸ್ಸಿನಲ್ಲಿ ತೊಡೆಯ ಮೇಲೆ ಕೂರಿಸಿಕೊಂಡು ಹೋದವರು, ತಲುಪಿದ ಕೂಡಲೇ ಇನ್ನೂ ಹನ್ನೆರಡು ಬೇಕೆಂದು ಕಾಗದ ಬರೆದರು. ಅಪ್ಪ ಆ ಕಾಗದವನ್ನು ಓದಲು ಬಾರದವರಿಗೂ ತೋರಿಸಿಕೊಂಡು ಬಂದ.

ನಾವು ಅವನ್ನು ಹೇಗೆ ಕಳಿಸಿದೆವು ಎಂದು ಈಗ ಹೇಳಲು ನಾಚಿಕೆಯಾಗುತ್ತದೆ. ಸೌದೆ ಹೊರೆಯ ಹಾಗೆ ಆರಾರು ಸೇರಿಸಿ ಹಗ್ಗದಿಂದ ಬಿಗಿದು, ಪಟ್ಟಣಕ್ಕೆ ಸರಕು ಸಾಗಿಸುವ ಇಮಾಮ್ ಸಾಬಿಯ ಲಾರಿಗೆ ಎತ್ತಿ ಒಗೆದೆವು. ಒಡೆಯುವುದೆಂದರೆ ಏನೆಂದು ಗೊತ್ತಿದ್ದರಲ್ಲವೇ ಒಡೆಯದ ಹಾಗೆ ಕಳಿಸುವುದು! ಹತ್ತು ದಿನಕ್ಕೆ ಲಾರಿ ತಿರುಗಿ ಬಂತು, ಹನ್ನೆರಡನ್ನೂ ಹೊತ್ತುಕೊಂಡೇ ಬಂತು. ಒಂದೊಂದರ ಕತ್ತೂ ತಲೆಯ ಹತ್ತಿರ ಮುರಿದು, ತಲೆಗಳು ತಂತಿಗೆ ಜೋತುಬಿದ್ದಿದ್ದವು. ಕೆಲವಕ್ಕೆ ಕೆಳಗಿನ ಟೊಳ್ಳು ಬುರುಡೆಯೂ ಸೀಳಿತ್ತು.

ಕಾಯಿಯ ಹೋಳು ಬಿಟ್ಟರೆ ನಮ್ಮೂರಿನವರು ಮುರಿದ ವಸ್ತುವನ್ನು ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು. ಊರಿಗೆ ಊರೇ ನಮ್ಮ ಅಂಗಳಕ್ಕೆ ಬಂತು. ಮುರಿದ ಅಂಚನ್ನು ಮುಟ್ಟಿ ನೋಡಿದರು, ಮಕ್ಕಳು ಸೀಳಿನೊಳಗೆ ಬೆರಳು ಹಾಕಿದವು, ಒಬ್ಬಳು ಮೂಸಿಯೂ ನೋಡಿದಳು. ಅಪ್ಪ ಮಾತ್ರ ಹತ್ತಿರ ಬರಲಿಲ್ಲ. ಕಂಬಕ್ಕೆ ಒರಗಿ ತನ್ನ ಎರಡೂ ಅಂಗೈಗಳನ್ನು ನೋಡಿಕೊಳ್ಳುತ್ತಾ ನಿಂತಿದ್ದ.

"ಮಾಸ್ತರ್ರು ತಾವೇ ತಗೊಂಡೋಗಿದ್ದು ನೆಟ್ಟಗೆ ಮುಟ್ತು. ಆಮ್ಯಾಕೆ ಮಾಡಿದ್ದೆಲ್ಲಾ ಮುರೀತು. ಅಂದ್ರೆ ನನ್ನ ಕೈ ಕೆಡ್ತಾ ಐತೆ ಕಣವ್ವಾ ಅಂಬೂ" ಎಂದ.

"ರಸ್ತೆ ಸರಿ ಇಲ್ಲ ಕಣಪ್ಪ" ಎಂದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನು ರಸ್ತೆಯನ್ನು ಬೈದೆ, ಇಮಾಮ್ ಸಾಬಿಯನ್ನು ಬೈದೆ, ಲಾರಿಯ ಟೈರನ್ನೂ ಬಿಡಲಿಲ್ಲ. ಇಮಾಮ್ ಸಾಬಿ ಬೇಜಾರು ಮಾಡಿಕೊಳ್ಳದೆ, "ನಿಮ್ಮೂರ ಜನಕ್ಕೆ ಏನ್ ಹೇಳಿ ಪ್ರಯೋಜ್ನ ತಾಯಿ? ನಾನು ಎಲ್ಲೆಕಲ್ಲು ದಾಟಿದ ಕೂಡ್ಲೇ ಕುಂಡಿ ಬಿಗಿ ಹಿಡ್ಕೊಂಡು ಗಾಡಿ ಓಡ್ಸೋನು" ಎಂದ.

ಎರಡನೆಯ ಸಲ ಆರು ಗಿಟಾರು. ಪೆಟ್ಟಿಗೆ ಗಟ್ಟಿಯಾಗಿದ್ದರೆ ಒಳಗಿನದಕ್ಕೆ ಏನೂ ಆಗುವುದಿಲ್ಲವೆಂದು ಊರ ಹಿರಿಯರು ತೀರ್ಮಾನ ಕೊಟ್ಟರು. ಅಪ್ಪ ಬೀಟೆಮರದ ದಪ್ಪ ಹಲಗೆಯಲ್ಲಿ ಪೆಟ್ಟಿಗೆ ಮಾಡಿದ. ಆನೆ ತುಳಿದರೂ ಅಲುಗದಂಥ ಪೆಟ್ಟಿಗೆ. ನಾನು ಈ ಸಲ ಇನ್ನಷ್ಟು ಮುತುವರ್ಜಿಯಿಂದ ತಂತಿ ಬಿಗಿದು, ಶ್ರುತಿ ಕೂದಲೆಳೆಯಷ್ಟೂ ಸರಿಯದ ಹಾಗೆ ನೋಡಿಕೊಂಡೆ. ಪೆಟ್ಟಿಗೆಗಳು ತಿರುಗಿ ಬಂದಾಗ ಅವಕ್ಕೆ ಒಂದು ಗೀರಿಲ್ಲ. ಮುಚ್ಚಳ ತೆಗೆದರೆ ಒಳಗೆ ಆರೂ ಕತ್ತು ಮುರಿದುಕೊಂಡು ಬಿದ್ದಿದ್ದವು.

ಅಪ್ಪ ಉಳಿಗಳಿಗೆಲ್ಲ ಎಣ್ಣೆ ಸವರಿ, ಬಟ್ಟೆಯಲ್ಲಿ ಸುತ್ತಿ, ಅಟ್ಟದ ಮೇಲಿಟ್ಟ. ಆಮೇಲೆ ದಿನವಿಡೀ ಜಗುಲಿಯಲ್ಲಿ ಕೂತಿರುತ್ತಿದ್ದ. ಕೈ ಸುಮ್ಮನಿರದ ಮನುಷ್ಯ ಸುಮ್ಮನೆ ಕೂತದ್ದನ್ನು ನೋಡುವುದು ಬಹಳ ಕಷ್ಟ. ಅನ್ನ ಕಲಸುವಾಗಲೂ ಬೆರಳುಗಳನ್ನು ಅನುಮಾನದಿಂದ ನೋಡುತ್ತಿದ್ದ. ಅವನು ಹೀಗೇ ಕರಗಿಹೋಗುತ್ತಾನೆ ಎಂದು ನನಗೆ ಭಯವಾಯಿತು. ಅಷ್ಟರಲ್ಲಿ ಮಾಸ್ತರರ ಕಾಗದ ಬಂತು: ಬರುವ ತಿಂಗಳು ರಜೆ ಮುಗಿದು ಶಾಲೆ ತೆರೆಯುತ್ತದೆ, ಅದಕ್ಕೆ ಮೊದಲು ಇನ್ನೊಂದೇ ಒಂದು ಕಳಿಸಿ, ಅದು ಇಡಿಯಾಗಿ ಬಂದರೆ ಮುಂದೆಯೂ ನಿಮ್ಮದೇ, ಇಲ್ಲದಿದ್ದರೆ ಮನಸ್ಸಿಲ್ಲದ ಮನಸ್ಸಿನಿಂದ ಬೇರೆ ಕಡೆ ನೋಡಬೇಕಾಗುತ್ತದೆ. ಅಪ್ಪ ಕಾಗದವನ್ನು ಮಡಿಸಿ ತಲೆದಿಂಬಿನ ಕೆಳಗಿಟ್ಟ. ಉಳಿಯನ್ನು ಕೆಳಗಿಳಿಸಲಿಲ್ಲ. ಇಳಿಸಿದ್ದರೂ, ಹಲವನ್ನು ಒಟ್ಟಿಗೇ ಹಿಡಿದರೂ ಒಂದನ್ನೇ ಹಿಡಿದರೂ, ಮರ ಹದವಾಗಿ ಅಂಟು ಒಣಗಲು ಮೂರು ತಿಂಗಳು ಬೇಕು.

ಮನೆಯಲ್ಲಿ ಇಡಿಯಾಗಿ ಉಳಿದಿದ್ದದ್ದು ಒಂದೇ ಗಿಟಾರು, ಅದು ನನ್ನದು. ಅಪ್ಪ ಮಾಡಿದ ಗಿಟಾರುಗಳಲ್ಲೇ ಮೊದಲನೆಯದು. ಅವ್ವ ಮಲಗುತ್ತಿದ್ದ ಹಲಸಿನ ಮಂಚದ ಹಲಗೆಯಿಂದ ಮಾಡಿದ್ದು. ಅದರ ಬುರುಡೆಗೆ ಕೆನ್ನೆ ಒತ್ತಿಕೊಂಡರೆ ನನಗೆ ಸಮಾಧಾನವಾಗುತ್ತಿತ್ತು. ಅದನ್ನು ಕಳಿಸುವುದೆಂದು ನಿರ್ಧಾರ ಮಾಡಿದೆ. ಆದರೆ ಹೇಗೆ? ಆ ಯೋಚನೆಯಲ್ಲೇ ಒಂದು ಬೆಳಿಗ್ಗೆ ಕಾಯಿಕಟ್ಟೆಯ ಸಾಲಿನಲ್ಲಿ ನಿಂತಿದ್ದಾಗ ಕೆಂಚಜ್ಜಿಯ ಮಚ್ಚು ನೋಡಿದೆ. ಅವಳು ಕಾಯಿಯನ್ನು ಎಲ್ಲೆಂದರಲ್ಲಿ ಹೊಡೆಯುತ್ತಿರಲಿಲ್ಲ. ಕೈಯಲ್ಲಿ ತಿರುಗಿಸಿ, ಅದರ ಮೈಮೇಲಿನ ಗೆರೆ ಹುಡುಕಿ, ಅಲ್ಲಿಗೆ ಒಂದೇ ಏಟು ಹಾಕುತ್ತಿದ್ದಳು. ಇಡೀ ಊರಿನಲ್ಲಿ ಒಡೆಯುವ ವಿದ್ಯೆ ಗೊತ್ತಿದ್ದವಳು ಅವಳೊಬ್ಬಳೇ. ಊರೆಲ್ಲ ಸೇರಿ ತೀರ್ಮಾನ ಕೊಟ್ಟಾಗ ಅವಳನ್ನು ಒಂದು ಮಾತು ಯಾರೂ ಕೇಳಿರಲಿಲ್ಲ. ಹಿತ್ತಲ ಗಿಡ ಮದ್ದಲ್ಲ, ಮತ್ತೇನು.

ಸಾಲು ಕರಗಿದ ಮೇಲೆ ಮುರಿದ ಎರಡು ಗಿಟಾರುಗಳನ್ನೂ ನನ್ನದನ್ನೂ ಹೊತ್ತುಕೊಂಡು ಹೋದೆ. ನನ್ನದನ್ನು ಎಲ್ಲೆಕಲ್ಲು ದಾಟಿಸುವಾಗ ಎದೆಗೆ ಅವಚಿಕೊಂಡೆ. ಕೆಂಚಜ್ಜಿ ಮುರಿದ ಕತ್ತುಗಳ ಮೇಲೆ ಹೆಬ್ಬೆರಳು ಆಡಿಸಿದಳು.

"ಎರಡೂ ಒಂದೇ ತಾವ ಮುರಿದವೆ. ಮಿಕ್ಕವೂ ಇಲ್ಲೇನಾ?"

"ಹೂಂ ಅಜ್ಜಿ, ಎಲ್ಲಾ ಅಲ್ಲೇ."

"ಹಂಗಾರೆ ಇದೇ ಇದ್ರ ಗೆರೆ. ನೋಡು, ಈ ತಲೆ ಹಿಂದಕ್ಕೆ ಬಾಗೈತೆ. ಪೆಟ್ಟಿಗೆ ದಬಕ್ ಅಂತ ಬಿದ್ರೆ ಬುರುಡೆ ನಿಂತ್ಕತದೆ, ತಲೆ ನಿಲ್ಲಾಕಿಲ್ಲ. ಅದಕ್ಕೆ ಒರಗಾಕೆ ಏನ್ ಕೊಟ್ಟಿದ್ರಿ?"

ಏನೂ ಕೊಟ್ಟಿರಲಿಲ್ಲ. ಅವಳು ನನ್ನ ಗಿಟಾರನ್ನು ಮಡಿಲಿಗೆ ಎಳೆದುಕೊಂಡು ಒಂದು ತಂತಿಯನ್ನು ಉಗುರಿನಿಂದ ಎತ್ತಲು ನೋಡಿದಳು. ತಂತಿ ಅಲುಗಲಿಲ್ಲ.

"ಅಯ್ಯೋ ಮಗಾ, ಇದ್ನ ಯಾಕೆ ಇಷ್ಟು ಬಿಗಿದಿದ್ದೀಯಾ?"

"ಶ್ರುತಿ ಅಜ್ಜಿ. ಬಿಗೀದೇ ಇದ್ರೆ ನುಡಿಯಲ್ಲ."

"ದಾರೀಲಿ ಇದು ಯಾರಿಗ್ ನುಡೀಬೇಕು, ಲಾರಿಗಾ? ಆರು ತಂತಿ ಹಗಲೂ ರಾತ್ರಿ ಕತ್ತು ಹಿಡಿದು ಜಗ್ತಾ ಕುಂತವೆ. ಮೊದ್ಲೇ ಮುರೀಲಾ ಮುರೀಲಾ ಅಂತ ಐತೆ. ಅದ್ರ ಮ್ಯಾಕೆ ಒಂದು ಏಟು ಬಿದ್ರೆ ಸಾಕು. ಬಿಗಿದಿದ್ದು ಬೇಗ ಒಡೀತದೆ ಕಣವ್ವ."

ಹದಿನೆಂಟು ಗಿಟಾರಿನ ಕತ್ತು ಮುರಿದದ್ದು ಅಪ್ಪನ ಕೈಯಲ್ಲ, ಇಮಾಮ್ ಸಾಬಿಯ ಲಾರಿಯಲ್ಲ, ನನ್ನ ಜಂಬ. ನಾನು ಬಿಗಿದು ಕೊಟ್ಟೆ, ರಸ್ತೆ ಮುರಿಯಿತು. ಆ ಹೊತ್ತಿನಲ್ಲಿ ಆದಷ್ಟು ನಾಚಿಕೆ ನನಗೆ ಜೀವಮಾನದಲ್ಲಿ ಮತ್ತೆಂದೂ ಆಗಲಿಲ್ಲ. ನಾನು ಅಳುವುದನ್ನು ನೋಡಿ ಕೆಂಚಜ್ಜಿ ಕಟ್ಟೆಯ ಪಕ್ಕದ ತೆಂಗಿನಮರ ತೋರಿಸಿದಳು.

"ಅತ್ಕಂಡ್ ಕುಂತ್ರೆ ಆಯ್ತದಾ? ಅಲ್ನೋಡು. ಅದು ಎಲ್ಲೆಯಿಂದ ಆಚೆ ಇರೋ ಮರ. ಅಷ್ಟೆತ್ತರದಿಂದ ಕಾಯಿ ಕೆಳೀಕೆ ಕಳಿಸ್ತದೆ. ನಲವತ್ತು ವರ್ಷದಿಂದ ಇಲ್ಲೇ ಕುಂತಿವ್ನಿ, ಒಂದೂ ಒಡ್ಕಂಡು ಬಂದಿಲ್ಲ. ಯಾಕೆ ಹೇಳು?"

ಮರದ ಬುಡದಲ್ಲಿ ಬಿದ್ದಿದ್ದ ಕಾಯೊಂದನ್ನು ಎತ್ತಿಕೊಂಡೆ. ಒತ್ತಿದರೆ ಹೆಬ್ಬೆರಳು ಒಳಗೆ ಹೋಗುವ ದಪ್ಪ ಸಿಪ್ಪೆ, ಅದರ ತುಂಬ ನಾರು. ಚಿಪ್ಪು ಇರುವುದು ಅದರೊಳಗೆ, ಎಲ್ಲೂ ಹೊರಗೆ ತಾಗದ ಹಾಗೆ. ನಮ್ಮೂರಿನ ಹಿತ್ತಲುಗಳಲ್ಲಿ ಆ ನಾರು ಒಲೆ ಹಚ್ಚಲು ಮಾತ್ರ ಇತ್ತು.

ಮನೆಗೆ ಬಂದು ಮೊದಲು ಮಾಡಿದ ಕೆಲಸವೆಂದರೆ ಅಪ್ಪನ ಮುಂದೆ ಕೂತು ಎಲ್ಲವನ್ನೂ ಹೇಳಿದ್ದು. ಬೈಯಲಿ, ಎರಡು ಏಟು ಹಾಕಲಿ ಎಂದು ಕಾದೆ. ಅಪ್ಪ ತನ್ನ ಅಂಗೈಗಳನ್ನು ತಿರುಗಿಸಿ ನೋಡಿಕೊಂಡ.

"ಹಂಗಾದ್ರೆ ನನ್ನ ಕೈ ಕೆಟ್ಟಿಲ್ವೇನವ್ವ?" ಎಂದ.

"ಇಲ್ಲಪ್ಪ. ನಿನ್ನ ಕೈ ಚೆನ್ನಾಗೈತೆ."

ಅವನು ಹೆಗಲ ವಸ್ತ್ರದಿಂದ ಕಣ್ಣು ಒರೆಸಿಕೊಂಡ. ಎದ್ದು ಅಟ್ಟದಿಂದ ಉಳಿಗಳ ಗಂಟು ಇಳಿಸಿದ.

ಮೂರು ದಿನ ನಾವು ನಾರು ಬಿಡಿಸಿದೆವು. ಅಪ್ಪ ತೆಳು ಹಲಗೆಯಲ್ಲಿ ಗಿಟಾರಿನ ಆಕಾರಕ್ಕೇ ಒಂದು ಪೆಟ್ಟಿಗೆ ಮಾಡಿದ. ನಾನು ಬಿರಡೆಗಳನ್ನು ತಿರುವಿ ತಂತಿಗಳನ್ನು ಸಡಿಲಿಸಿದೆ. ಶ್ರುತಿ ಇಳಿಯುತ್ತಾ ಇಳಿಯುತ್ತಾ ಕೊನೆಗೆ ತಂತಿ ಗೊರಗೊರ ಎಂದಾಗ ಮುಖ ಆಚೆ ತಿರುಗಿಸಿಕೊಂಡೆ. ತಂತಿಗೂ ಮರಕ್ಕೂ ನಡುವೆ ಅವ್ವನ ಹಳೆಯ ಸೀರೆಯ ತುಂಡು ಇಟ್ಟೆ. ಕತ್ತಿನ ಅಡಿಗೆ, ತಲೆಯ ಹಿಂದಕ್ಕೆ, ಅದರ ಎರಡೂ ಮಗ್ಗುಲಿಗೆ, ಸೊಂಟದ ಬಳುಕಿಗೆ ನಾರು ತುಂಬಿದೆವು. ತಲೆಯ ತುದಿ ಮಾತ್ರ ಯಾವುದಕ್ಕೂ ತಾಗದ ಹಾಗೆ ಬಿಟ್ಟೆವು. ಆ ಪೆಟ್ಟಿಗೆಯನ್ನು ಇನ್ನೊಂದು ದೊಡ್ಡ ಪೆಟ್ಟಿಗೆಯೊಳಗೆ ಇಟ್ಟು ನಡುವೆ ಮತ್ತೆ ನಾರು. ಕೆಂಚಜ್ಜಿ ಬಂದು ಪೆಟ್ಟಿಗೆಯನ್ನು ಎರಡು ಕೈಯಲ್ಲಿ ಹಿಡಿದು ಮೆಲ್ಲಗೆ ಅಲ್ಲಾಡಿಸಿ, ಕಿವಿಯಿಟ್ಟು ಕೇಳಿದಳು. ಒಣಗಿದ ಕೊಬ್ಬರಿ ಗಿಟುಕನ್ನು ಅವಳು ಹಾಗೇ ನೋಡುತ್ತಿದ್ದಳು. "ಒಳಗೆ ಇನ್ನೂ ಸದ್ದು ಐತೆ. ಸದ್ದು ಇದ್ರೆ ಜಾಗ ಐತೆ ಅಂತ" ಎಂದಳು. ಮತ್ತೆ ಬಿಚ್ಚಿ ಮತ್ತೆ ತುಂಬಿದೆವು. ನಾಲ್ಕನೆಯ ಸಲಕ್ಕೆ ಪೆಟ್ಟಿಗೆ ಮೌನವಾಯಿತು.

"ಈಗ ಕಟ್ಟೆ ಮ್ಯಾಲಿಂದ ಎತ್ತಾಕಬೇಕು" ಎಂದಳು ಕೆಂಚಜ್ಜಿ.

ಊರೊಳಗೆ ಎತ್ತಿಹಾಕಿದರೆ ಏನೂ ತಿಳಿಯುವುದಿಲ್ಲ. ಪರೀಕ್ಷೆ ಎಲ್ಲೆಯ ಆಚೆಗೇ ಆಗಬೇಕು. ಅಪ್ಪ ಎಲ್ಲೆಕಲ್ಲು ದಾಟಿ ಇಪ್ಪತ್ತು ವರ್ಷವಾಗಿತ್ತು. ಅವ್ವನನ್ನು ಮದುವೆಯಾಗಲು ಒಮ್ಮೆ ಹೋದವನು, ಬೀಗರ ಮನೆಯಲ್ಲಿ ಪಾನಕ ಕುಡಿದು ಲೋಟವನ್ನು ನಮ್ಮೂರಿನ ಅಭ್ಯಾಸದಂತೆ ಕೈಬಿಟ್ಟಿದ್ದನಂತೆ. ಚೂರುಚೂರಾದ ಗಾಜನ್ನು ಮದುಮಗನೇ ಕೂತು ಆಯ್ದನಂತೆ. ಅಂದಿನಿಂದ ಆಚೆಗೆ ಕಾಲಿಟ್ಟಿರಲಿಲ್ಲ. ಆ ಬೆಳಿಗ್ಗೆ ಕಲ್ಲಿನ ಹತ್ತಿರ ನಿಂತು ಹಿಂದೆ ನೋಡಿದ, ಮುಂದೆ ನೋಡಿದ. ಆಮೇಲೆ ನನ್ನ ಕೈ ಹಿಡಿದುಕೊಂಡು ದಾಟಿದ.

ಕೆಂಚಜ್ಜಿ ಕಟ್ಟೆ ಹತ್ತಿ ಪೆಟ್ಟಿಗೆಯನ್ನು ತಲೆಯ ಮೇಲಕ್ಕೆ ಎತ್ತಿದಳು. ಒಳಗಿರುವುದು ಅವ್ವನ ಮಂಚ ಎಂದು ನನಗೆ ಕೂಗಿ ಹೇಳಬೇಕೆನ್ನಿಸಿತು. ಅಷ್ಟರಲ್ಲಿ ಅವಳು ಕೈ ಬಿಟ್ಟಳು. ಪೆಟ್ಟಿಗೆ ದಪ್ಪನೆ ಬಂಡೆಗೆ ಬಿದ್ದು ಒಮ್ಮೆ ಮಗುಚಿತು. ಹೊರಗಿನ ಪೆಟ್ಟಿಗೆಯ ಮೂಲೆ ಸೀಳಿತು. ಅಪ್ಪನ ಉಗುರು ನನ್ನ ಅಂಗೈಗೆ ಊರಿತ್ತು. ಮುಚ್ಚಳ ತೆಗೆದವನೂ ಅವನೇ, ನಾರು ಸರಿಸಿದವನೂ ಅವನೇ. ಕತ್ತಿನ ಮೇಲೆ ಹೆಬ್ಬೆರಳನ್ನು ಬುಡದಿಂದ ತುದಿಯವರೆಗೆ ಎಳೆದ. ಗಿಟಾರು ಇಡಿಯಾಗಿತ್ತು.

"ಅಂಬೂ, ಒಂದ್ಸಲ ಬಿಗಿ. ಕೇಳಾನ" ಎಂದ.

ಕಾಯಿಕಟ್ಟೆಯ ಮೇಲೆ ಕೂತು ಶ್ರುತಿ ಕೂಡಿಸಿ ನುಡಿಸಿದೆ. ಕಾಯಿ ಒಡೆಸಲು ಬಂದ ಹೆಂಗಸರು ಹೋಳು ಹಿಡಿದುಕೊಂಡೇ ನಿಂತು ಕೇಳಿದರು. ಆಮೇಲೆ ಮತ್ತೆ ಸಡಿಲಿಸಿ, ಮತ್ತೆ ನಾರು ತುಂಬಿ, ಸೀಳಿದ ಮೂಲೆಗೆ ಪಟ್ಟಿ ಹೊಡೆದು, ಇಮಾಮ್ ಸಾಬಿಯ ಲಾರಿಗೆ ಕೊಟ್ಟೆವು. ಲಾರಿ ತಿರುವು ದಾಟಿದ ಮೇಲೆ ನನ್ನ ಕೆನ್ನೆಗೆ ಒತ್ತಿಕೊಳ್ಳಲು ಏನೂ ಉಳಿಯಲಿಲ್ಲ. ಇಮಾಮ್ ಸಾಬಿ ಹಿಂದಿರುಗುವವರೆಗೆ ಅಪ್ಪ ಊಟ ಸರಿಯಾಗಿ ಮಾಡಲಿಲ್ಲ. ಒಂಬತ್ತನೆಯ ದಿನ ಅವನು ಖಾಲಿ ಲಾರಿಯಲ್ಲಿ ಹಾರ್ನ್ ಬಾರಿಸಿಕೊಂಡೇ ಬಂದ. ಮಾಸ್ತರರ ಕಾಗದದಲ್ಲಿ ಎರಡೇ ಸಾಲು: "ಕೂದಲೆಳೆ ಕೊಂಕಿಲ್ಲದೆ ಬಂದಿದೆ. ಇಷ್ಟು ಜೋಪಾನವಾಗಿ ಕಟ್ಟಿ ಕಳಿಸಿದವರು ಯಾರು?" ಮುಂದೆ ನಮ್ಮೂರಿನಿಂದ ಹೊರಟ ಒಂದು ಗಿಟಾರೂ ಮುರಿದು ತಿರುಗಿ ಬರಲಿಲ್ಲ. ಕೆಂಚಜ್ಜಿ ಕಿವಿಯಿಟ್ಟು ಕೇಳದ ಪೆಟ್ಟಿಗೆ ಎಲ್ಲೆಕಲ್ಲು ದಾಟುತ್ತಿರಲಿಲ್ಲ.

ಎರಡು ವರ್ಷಕ್ಕೆ ನನ್ನ ಮದುವೆಯಾಯಿತು. ಗಂಡನ ಊರು ಎಲ್ಲೆಯಿಂದಾಚೆ ಒಂದು ದಿನದ ದಾರಿ. ಧಾರೆ ನಮ್ಮೂರಿನಲ್ಲೇ ನಡೆದು, ಮಾರನೆಯ ಬೆಳಿಗ್ಗೆ ದಿಬ್ಬಣ ಅದೇ ಇಮಾಮ್ ಸಾಬಿಯ ಲಾರಿಯಲ್ಲಿ ಹೊರಡಬೇಕು. ನನ್ನ ಎರಡೂ ಕೈ ತುಂಬ ಅವ್ವನ ಹಸಿರು ಗಾಜಿನ ಬಳೆ. ಅವಳ ಅವ್ವ ತೊಟ್ಟದ್ದು ಅಲ್ಲ, ಅವಳೇ ಮದುವೆಯಾಗಿ ಬರುವಾಗ ತೊಟ್ಟು ಬಂದದ್ದು. ನಮ್ಮೂರಿಗೆ ಬಂದ ಮೇಲೆ ಅವಕ್ಕೆ ಸಾವಿರಲಿಲ್ಲ.

ಲಾರಿ ಎಲ್ಲೆಕಲ್ಲಿನ ಹತ್ತಿರ ಬಂದಾಗ ಅಪ್ಪ ಅಡ್ಡ ನಿಂತು ನಿಲ್ಲಿಸಿದ. ಹೆಗಲ ಮೇಲೆ ಒಂದು ಚೀಲ. ಮೇಲೆ ಹತ್ತಿ ಬಂದು, ನಾನು ಕೂತ ಚಾಪೆಯ ಸುತ್ತ, ಬೆನ್ನಿಗೆ, ಕತ್ತಿನ ಹಿಂದಕ್ಕೆ ನಾರಿನ ದಿಂಬು ಇಟ್ಟ. ಆಮೇಲೆ ನನ್ನ ಕೈ ತನ್ನ ತೊಡೆಯ ಮೇಲಿಟ್ಟುಕೊಂಡು, ಒಂದೊಂದು ಬಳೆಯ ನಡುವೆಯೂ ಮೆತ್ತನೆಯ ನಾರಿನ ಎಳೆ ಸುತ್ತತೊಡಗಿದ. ಗಂಡಿನ ಕಡೆಯವರು ಮುಸಿಮುಸಿ ನಕ್ಕರು. ನನಗೆ ಸಿಟ್ಟೂ ಬಂತು, ಮರ್ಯಾದೆಯೂ ಹೋದಂತಾಯಿತು.

"ಅಪ್ಪ, ಸಾಕು ಬಿಡು. ಎಲ್ರೂ ನೋಡ್ತಾವ್ರೆ."

"ನೋಡ್ಲಿ ಬಿಡವ್ವ."

ಎರಡೂ ಕೈ ಮುಗಿದ ಮೇಲೆ ನನ್ನ ಭುಜ ಹಿಡಿದು ಮೆಲ್ಲಗೆ ಅಲ್ಲಾಡಿಸಿದ. ತಲೆ ಬಾಗಿಸಿ ಕಿವಿಗೊಟ್ಟ. ಬಳೆಗಳು ಸದ್ದು ಮಾಡಲಿಲ್ಲ. ಆದರೆ ನಾನು ಬಿಕ್ಕುತ್ತಿದ್ದದ್ದು ಅವನಿಗೆ ಕೇಳಿಸಿರಬೇಕು. ನನ್ನ ಜಡೆಯನ್ನು ಸೋದರತ್ತೆ ಬಹಳ ಬಿಗಿಯಾಗಿ ಹೆಣೆದಿದ್ದಳು. ಹೂವು ಉದುರದ ಹಾಗೆ ಅದರ ತುದಿಯ ಗಂಟನ್ನು ಬಿಚ್ಚಿ, ಎರಡು ಸುತ್ತು ಸಡಿಲ ಮಾಡಿ, ಮತ್ತೆ ಕಟ್ಟಿದ.

"ದಾರಿ ಉದ್ದ ಐತೆ. ಸ್ವಲ್ಪ ಸಡಿಲಾಗಿರು ಮಗಳೇ. ಮುಟ್ಟಿದ ಮ್ಯಾಕೆ ಶ್ರುತಿ ಕೂಡಿಸ್ಕೊಂಡ್ರಾಯ್ತು" ಎಂದ. ಎಲ್ಲೆಕಲ್ಲಿನ ಪಕ್ಕದಲ್ಲಿ ಇಳಿದು ನಿಂತುಕೊಂಡ.

ದಾರಿಯುದ್ದಕ್ಕೂ ಲಾರಿ ಎತ್ತಿ ಎತ್ತಿ ಹಾಕಿತು. ಸಂಜೆ ಹೊಸಿಲು ತುಳಿದು ಒಳಗೆ ಹೋದ ಮೇಲೆ ನಮ್ಮತ್ತೆ ನನ್ನನ್ನು ದೀಪದ ಹತ್ತಿರ ಕೂರಿಸಿಕೊಂಡು, ಬಳೆಗಳ ನಡುವಿನ ನಾರನ್ನು ಒಂದೊಂದೇ ಎಳೆಯಾಗಿ ಬಿಡಿಸಿದರು. ಬಳೆಗಳು ಗಲ್ಲೆಂದವು. ಒಂದೂ ಬಿರುಕು ಬಿಟ್ಟಿರಲಿಲ್ಲ. ಅವರು ನನ್ನ ಎರಡೂ ಕೈಗಳನ್ನು ಬೆಳಕಿಗೆ ಹಿಡಿದು ಆಶ್ಚರ್ಯದಿಂದ ನೋಡಿದರು.

"ಅಲ್ವೇ ಹುಡುಗಿ, ಇಷ್ಟು ಜೋಪಾನವಾಗಿ ಯಾರೇ ಕಟ್ಟಿ ಕಳಿಸಿದ್ದು ನಿನ್ನ?"

"ನಮ್ಮಪ್ಪ" ಎಂದೆ.